ಎರಡನೇ ಕವಲಿನ ಬಂದರೆ ಸೊಪ್ಪು

ಕೊರೊನಾ ಕಾಟ ಮುಗಿದು ಜನ ಮತ್ತೆ ಗುಂಪುಗೂಡಿ ಓಡಾಡಲು ಶುರು ಮಾಡಿದ್ದರಲ್ಲ, ಅದರ ಮರುವರ್ಷ ನಾನು ಚಿತ್ರದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಗುಡ್ಡಸಾಲಿನ ಒಂದು ಭಾಗಕ್ಕೆ ಉಪ ವಲಯ ಅರಣ್ಯಾಧಿಕಾರಿಯಾಗಿ ಬಂದೆ. ಜನರ ಬಾಯಲ್ಲಿ ಈ ಹುದ್ದೆಗೆ ಫಾರೆಸ್ಟರ್ ಎಂದು ಹೆಸರು. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಅಲ್ಲಿಯವರೆಗೆ ನನ್ನ ಸೇವೆಯ ಬಹುಪಾಲು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯ ಸಸ್ಯಕ್ಷೇತ್ರಗಳಲ್ಲೇ ಕಳೆದಿತ್ತು. ಸಸಿಯ ಚೀಲಗಳನ್ನು ಸಾಲಾಗಿ ಜೋಡಿಸುವುದು, ಕಳೆ ಕೀಳಿಸುವುದು, ನೆಲ ಗುಡಿಸುವುದು ನನ್ನ ಕೆಲಸ. ಒಂದು ಚೀಲ ಸಾಲು ತಪ್ಪಿದರೂ ನನಗೆ ಊಟ ಸೇರುತ್ತಿರಲಿಲ್ಲ. "ನಿಮಗೆ ಕಾಡು ಕೊಟ್ರೆ ಅದನ್ನೂ ಗುಡಿಸಿ ರಂಗೋಲಿ ಬಿಡ್ತೀರಿ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಕೊನೆಗೂ ಕಾಡು ಕೊಟ್ಟರು. ನಾನು ಗುಡಿಸಿಯೇ ಬಿಟ್ಟೆ. ಈಗ ಹೇಳಹೊರಟಿರುವುದು ಆ ಗುಡಿಸಿದ ಕಥೆಯನ್ನು.

ಈ ಗುಡ್ಡಗಳನ್ನು ದೂರದಿಂದ ನೋಡಿದವರಿಗೆ ಬೋಳು ಬಂಡೆ, ತುದಿಯಲ್ಲಿ ಗಾಳಿಯಂತ್ರ, ಅಷ್ಟೇ ಕಾಣುತ್ತದೆ. ಒಳಗೆ ಹೊಕ್ಕರೆ ಬೇರೆ ಲೋಕ. ಕಮರ, ಜಾಲಿ, ಕಾರೆಯ ಪೊದೆಗಳು, ಬಂಡೆಗಳ ಸಂದಿನಲ್ಲಿ ಗವಿಗಳು, ಬೇಸಿಗೆಯಲ್ಲೂ ಒಂದಿಷ್ಟು ನೀರು ಉಳಿಸಿಕೊಳ್ಳುವ ಕಲ್ಲುಗುಂಡಿಗಳು. ಚಿರತೆ ಇದೆ, ಕೊಂಡುಕುರಿ ಇದೆ, ನವಿಲುಗಳಿಗಂತೂ ಲೆಕ್ಕವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕರಡಿ ಇದೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದ್ದರೆ ಹತ್ತು ಮಾರು ಹತ್ತಿರ ಬರುವವರೆಗೂ ಅದಕ್ಕೆ ಮನುಷ್ಯನ ಸುಳಿವು ಸಿಗುವುದಿಲ್ಲ. ಸಿಕ್ಕಿದ ಕೂಡಲೇ ಗಾಬರಿಯಲ್ಲಿ ಮೈಮೇಲೆ ಬೀಳುತ್ತದೆ. ಮರಿ ಜೊತೆಗಿದ್ದರೆ ಕೇಳುವುದೇ ಬೇಡ.

ನನ್ನ ಕೈಕೆಳಗೆ ಇಬ್ಬರಿದ್ದರು. ಗಾರ್ಡ್ ಸುಜಾತ, ಹೊಸದುರ್ಗದ ಕಡೆಯ ಹುಡುಗಿ, ಆರು ವರ್ಷದ ಸರ್ವೀಸು. ಇನ್ನೊಬ್ಬ ವಾಚರ್ ಬೋರಯ್ಯ, ಅಂದರೆ ಕಾಡು ಕಾಯುವ ದಿನಗೂಲಿ ನೌಕರ. ಅವನು ಹಿರೇಗುಂಟನೂರು ಕಡೆಯ ಕುರಿ ಸಾಕುವ ಮನೆತನದವನು, ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ದಿನಾ ಬೆಳಕು ಹರಿಯುವ ಹೊತ್ತಿಗೆ ಗುಡ್ಡ ಹತ್ತಿ, ಎಂಟು ಗಂಟೆಗೆ ಇಳಿದು ಬಂದು, ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಬೀಡಿ ಹಚ್ಚುತ್ತಿದ್ದ.

ಆ ಫೆಬ್ರವರಿಯಲ್ಲಿ, ಕಾಡ್ಗಿಚ್ಚಿನ ದಿನಗಳು ಶುರುವಾಗುವ ಮೊದಲು, ಚಿತ್ರದುರ್ಗದ ನಡಿಗೆಯ ಬಳಗವೊಂದನ್ನು ಗುಡ್ಡಕ್ಕೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಎಂಟು ಜನ, ಒಂದು ಬೆಳಗಿನ ಚಾರಣ. ಬುಡದಿಂದ ತುದಿಗೆ ಒಂದೇ ಕಾಲುದಾರಿ, ನಡುವೆ ಮೂರು ಕವಲು. ಪ್ರತಿ ಕವಲಿನಲ್ಲೂ ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬಾಣದ ಗುರುತು ಬರೆಸಿದೆ. ಬಾಣಗಳು ಸೊಟ್ಟ ಬಂದವೆಂದು ಎರಡನ್ನು ಅಳಿಸಿ ಮತ್ತೆ ಬರೆಸಿದೆ. ಅಷ್ಟು ಉತ್ಸಾಹ ನನಗೆ.

ಚಾರಣಕ್ಕೆ ಎರಡು ದಿನ ಮುಂಚೆ ಬೋರಯ್ಯ ಇಳಿದು ಬಂದವನು ಬೀಡಿ ಹಚ್ಚಲಿಲ್ಲ.

"ಎರಡನೇ ಕವಲಿಂದ ಎಡಕ್ಕೆ ನೀರ್‌ಗುಂಡಿ ಐತಲ್ಲ ಸಾರ್, ಅದರ ಕೆಳಗಿನ ಗವಿಗೆ ಕರಡಿ ಬಂದೈತೆ. ಎಲ್ಡು ಮರಿ ಅವೆ. ಆ ದಾರಿಗೆ ಸೊಪ್ಪು ಹಾಕಿ ಬಂದೀನಿ."

ಸೊಪ್ಪು ಹಾಕುವುದೆಂದರೆ ಏನು ಎಂದು ಕೇಳಿದೆ. ಅವನು ಹೇಳಿದ. ಕುರಿಮಂದೆ ಹೊಡೆದುಕೊಂಡು ವಲಸೆ ಹೋಗುವಾಗ ಮುಂದೆ ಹೋಗುವವನು ಕವಲು ಸಿಕ್ಕಲ್ಲಿ ತಾನು ಹೋಗದ ದಾರಿಗೆ ಹಸಿ ಸೊಪ್ಪು ಅಡ್ಡ ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಡುತ್ತಾನೆ. ಹಿಂದೆ ಬರುವವರು ಅದನ್ನು ನೋಡಿ ಆ ದಾರಿ ಬಿಡುತ್ತಾರೆ. ಎಲೆ ಎಷ್ಟು ಬಾಡಿದೆ ಎಂಬುದರ ಮೇಲೆ ಮುಂದಿನವನು ಹೋಗಿ ಎಷ್ಟು ಹೊತ್ತಾಯಿತೆಂದೂ ತಿಳಿಯುತ್ತದೆ. ಈ ಗುಡ್ಡಗಳಲ್ಲಿ ಬೆಳೆಯುವ ಬಂದರೆ ಎಂಬ ಗಿಡದ ಸೊಪ್ಪೇ ಇದಕ್ಕೆ ಆಗಬೇಕು, ಏಕೆಂದರೆ ಅದನ್ನು ಆಡು ಕುರಿ ಮುಟ್ಟುವುದಿಲ್ಲ. ನಾನು ತಲೆಯಾಡಿಸಿದೆ. ಕರಡಿಯ ವಿಷಯ ದಿನಚರಿ ಪುಸ್ತಕಕ್ಕೆ ಏರಿಸಿದೆ. ಸೊಪ್ಪಿನ ವಿಷಯ ಏರಿಸಲಿಲ್ಲ.

ಚಾರಣದ ಹಿಂದಿನ ದಿನ ಆರು ಜನ ಕೂಲಿಯವರನ್ನು ಕರೆದುಕೊಂಡು ದಾರಿ ಸ್ವಚ್ಛ ಮಾಡಿಸಲು ಹೋದೆ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಮುರಿದ ಕೊಂಬೆ, ಎಡವುವ ಕಲ್ಲು, ಎಲ್ಲ ತೆಗೆಸಿದೆ. ಎರಡನೇ ಕವಲಿನಲ್ಲಿ ಎಡದಾರಿಗೆ ಅಡ್ಡವಾಗಿ ಬಂದರೆ ಸೊಪ್ಪು, ಅದರ ಮೇಲೆ ಕಲ್ಲು. ಅದು ಬೋರಯ್ಯನ ಕೆಲಸ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿ ಇವತ್ತು ತಪ್ಪಿಸಿಕೊಳ್ಳಲಾರೆ. "ಬಾಣ ಇದ್ಮೇಲೆ ಇದ್ಯಾಕೆ, ಫೋಟೋದಲ್ಲಿ ಕಸ ಬಿದ್ದಂಗೆ ಕಾಣ್ತದೆ" ಎಂದು ತೆಗೆಸಿಬಿಟ್ಟೆ. ಬಲಕ್ಕೆ ತೋರಿಸುವ ನನ್ನ ಬಾಣ ಬೆಳ್ಳಗೆ ಹೊಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಎಂಟು ಜನರಲ್ಲಿ ಏಳು ಮಂದಿ ಪೇಟೆಯವರು. ಎಂಟನೆಯವರು ತುರುವನೂರಿನ ಲಲಿತಮ್ಮ, ಹೈಸ್ಕೂಲಿನಲ್ಲಿ ಗಣಿತದ ಮೇಡಂ, ವಯಸ್ಸು ಐವತ್ತರ ಆಸುಪಾಸು. ಉಳಿದವರು ಸಾವಿರಾರು ರೂಪಾಯಿಯ ಶೂ ಹಾಕಿದ್ದರೆ ಈಯಮ್ಮ ಸೀರೆ ಎತ್ತಿ ಕಟ್ಟಿ, ಸಾದಾ ಚಪ್ಪಲಿಯಲ್ಲಿ ಎಲ್ಲರಿಗಿಂತ ಮುಂದೆ. ಕೇಳಿದ್ದಕ್ಕೆ ನಕ್ಕರು. "ನಮ್ ತಾತ ಕುರಿ ಕಾಯ್ತಿದ್ರು ಸಾರ್. ಬ್ಯಾಸಿಗೆ ರಜಾ ಬಂದ್ರೆ ಅವರ ಹಿಂದೆ ಹಿಂದೆ ಗುಡ್ಡ ಹತ್ತಿದೋಳು ನಾನು." ಸುಜಾತ ಮುಂದೆ, ನಾನು ನಡುವೆ, ಬೋರಯ್ಯ ಕೊನೆಯಲ್ಲಿ ಎಂದು ಏರ್ಪಾಟಾಗಿತ್ತು. ಬಾಣ ಬಿಟ್ಟು ಹೋಗಬೇಡಿ, ಕರಡಿ ಇರುವ ಜಾಗ ಎಂದು ಎಲ್ಲರಿಗೂ ಹೇಳಿದೆ. ಯಾವ ಕಡೆ ಇದೆ ಎಂದು ಹೇಳಲಿಲ್ಲ. ಹೆದರಿ ಅರ್ಧಕ್ಕೇ ವಾಪಸು ಹೊರಟಾರು ಎಂಬ ಯೋಚನೆ ನನ್ನದು.

ಮೊದಲ ಕವಲು ದಾಟುವಾಗ ಒಬ್ಬರ ಕಾಲು ಉಳುಕಿತು. ಸುಜಾತ ಬಟ್ಟೆ ಕಟ್ಟಲು ಕುಳಿತಳು. ಹತ್ತು ನಿಮಿಷವಾದರೂ ಬೇಕಿತ್ತು. ಲಲಿತಮ್ಮನಿಗೆ ನಿಂತು ಅಭ್ಯಾಸವಿಲ್ಲ. "ನಾನು ಮೆಲ್ಲಕೆ ಮುಂದೆ ನಡೀತಿರ್ತೀನಿ ಸಾರ್" ಎಂದರು. ನಾನು ಹೂಂ ಎಂದೆ. ಅವರ ನಡಿಗೆ ನೋಡಿ ನನಗೆ ಧೈರ್ಯವಿತ್ತು.

ಆಮೇಲೆ ನಾನೇ ಮುಂದಾಳಾಗಿ ಉಳಿದವರನ್ನು ಕರೆದುಕೊಂಡು ಹೊರಟೆ. ಕಾಲು ಉಳುಕಿದವರ ಜೊತೆ ಸುಜಾತ ಮತ್ತು ಬೋರಯ್ಯ ನಿಧಾನವಾಗಿ ಬರುತ್ತಿದ್ದರು. ಅವತ್ತು ಗುಡ್ಡದಲ್ಲಿ ಏನೋ ಸರಿಯಿರಲಿಲ್ಲ ಎಂದು ಈಗ ಅನಿಸುತ್ತದೆ. ದಿನಾ ಗಲಾಟೆ ಮಾಡುವ ಮುಸುವಗಳು ಒಂದೂ ಕಾಣಲಿಲ್ಲ. ನವಿಲು ಕೂಗಲಿಲ್ಲ. ಮೇಲಿನಿಂದ ಗಾಳಿಯಂತ್ರದ ರೆಕ್ಕೆಯ ಸದ್ದು ಮಾತ್ರ, ಯಾರೋ ದೊಡ್ಡ ಬಟ್ಟೆ ಕೊಡವಿದ ಹಾಗೆ, ಬಿಟ್ಟು ಬಿಟ್ಟು ಬರುತ್ತಿತ್ತು. ಅವತ್ತು ಮಾತ್ರ ನನಗೆ ಹಾಗೇನೂ ಅನಿಸಲಿಲ್ಲ. ಹಿಂದಿದ್ದವರಿಗೆ ಗಿಡಗಳ ಹೆಸರು ಹೇಳಿಕೊಂಡು ಖುಷಿಯಲ್ಲಿದ್ದೆ.

ಎರಡನೇ ಕವಲಿಗೆ ಬಂದಾಗ ಏಳು ಗಂಟೆ. ನೋಡುತ್ತೇನೆ, ನನ್ನ ಬಾಣ ತೋರಿಸುವ ಬಲದಾರಿಗೇ ಅಡ್ಡವಾಗಿ ಒಂದು ಹಿಡಿ ಬಂದರೆ ಸೊಪ್ಪು ಬಿದ್ದಿದೆ, ಮೇಲೊಂದು ಕಲ್ಲು. ಎಲೆಯಲ್ಲಿ ಇನ್ನೂ ಇಬ್ಬನಿ ಇತ್ತು. ನನಗೆ ಬಂದದ್ದು ಸಿಟ್ಟು. ನಿನ್ನೆ ತೆಗೆಸಿದ್ದಕ್ಕೆ ಬೋರಯ್ಯ ಹಟಕ್ಕೆ ಬಿದ್ದು ಬೆಳಿಗ್ಗೆ ಮತ್ತೆ ಹಾಕಿದ್ದಾನೆ, ಅದೂ ಅತಿಥಿಗಳು ನಡೆಯುವ ದಾರಿಗೇ, ಎಂದುಕೊಂಡೆ. ಕಲ್ಲನ್ನು ಕಾಲಿನಿಂದ ಸರಿಸಿದೆ. ಸೊಪ್ಪನ್ನು ಎತ್ತಿ ಪೊದೆಯ ಆಚೆ ಬಿಸಾಡಿದೆ. ಬೆಳಗಿನಿಂದ ಬೋರಯ್ಯ ನಮ್ಮ ಹಿಂದೆಯೇ ಇದ್ದಾನೆ, ಇಲ್ಲಿಗೆ ಬರಲು ಅವನಿಗೆ ಸಮಯವೇ ಇರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ದಾರಿಯ ಪಕ್ಕದ ಹುತ್ತವನ್ನು ಕರಡಿ ಅಗೆದಿತ್ತು, ಮಣ್ಣು ಇನ್ನೂ ಹಸಿ. ಅದನ್ನು ಎಲ್ಲರಿಗೂ ತೋರಿಸಿ ಪಾಠ ಮಾಡಿದೆ. ಫೋಟೋ ತೆಗೆದುಕೊಂಡರು.

ಏಳೂ ನಲವತ್ತಕ್ಕೆ ತುದಿಯ ಹಾಸುಬಂಡೆ ಮುಟ್ಟಿದೆವು. ಲಲಿತಮ್ಮ ಅಲ್ಲಿ ಇರಲಿಲ್ಲ.

ಮುಂದೆ ಎಲ್ಲೋ ನೋಡುತ್ತಿರಬೇಕೆಂದು ಸುತ್ತ ತಿರುಗಿದೆವು, ಕೂಗಿದೆವು. ಗಾಳಿ ಕೂಗನ್ನು ಎತ್ತಿಕೊಂಡು ಹೋಗುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಅಷ್ಟರಲ್ಲಿ ಹಿಂದಿನವರು ಬಂದು ಸೇರಿದರು. ಬೋರಯ್ಯ ನನ್ನ ಪಕ್ಕಕ್ಕೆ ಬಂದು, ಅತಿಥಿಗಳಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ.

"ಎರಡನೇ ಕವಲಾಗೆ ನಾನು ಹಾಕಿದ್ ಸೊಪ್ಪು ಇಲ್ಲ ಸಾರ್. ಆಯಮ್ಮ ಕುರಿಯೋರ ಮನೆಯೋರು. ಸೊಪ್ಪು ಇಲ್ಲ ಅಂದ್ರೆ ದಾರಿ ತೆರದೈತೆ ಅಂತ್ಲೇ ತಿಳ್ಕಂತಾರೆ. ಆದ್ರೆ ಅಂಥೋರು ಹೋಗೋವಾಗ ಗುರ್ತು ಹಾಕ್ದೆ ಹೋಗಲ್ಲ. ಯಾವ ಕವಲಾಗೂ ಗುರ್ತು ಕಾಣ್ಲಿಲ್ಲವಲ್ಲ. ನೀವು ಮುಂದೆ ಬಂದೋರು, ನಿಮಗೇನಾರ ಕಾಣ್ತಾ?"

ಆ ಕ್ಷಣಕ್ಕೆ ನನಗೆ ಎಲ್ಲ ಅರ್ಥವಾಯಿತು. ಹಸಿ ಮಣ್ಣಿನ ಹುತ್ತ ನೋಡಿ ಬಲದಾರಿಯಲ್ಲಿ ಕರಡಿ ಇದೆ ಎಂದು ಆಕೆ ತಿಳಿದಿದ್ದಾರೆ. ಹಿಂದೆ ಬರುವ ನಮಗೆ ಎಚ್ಚರವಾಗಲಿ ಎಂದು ಹಿಂದಿರುಗಿ ಆ ದಾರಿಯನ್ನು ಮುಚ್ಚಿ, ತಾವು ಎಡಕ್ಕೆ ಹೋಗಿದ್ದಾರೆ. ಗವಿಯ ಕಡೆಗೆ. ಬಾಯಿ ತೆರೆದರೆ ಎರಡು ಮಾತು ಒಪ್ಪಿಕೊಳ್ಳಬೇಕಿತ್ತು: ನಿನ್ನ ಸೊಪ್ಪು ನಾನು ತೆಗೆಸಿದೆ, ಆಕೆಯ ಸೊಪ್ಪು ನಾನು ಬಿಸಾಡಿದೆ. ಎದುರಿಗೆ ಏಳು ಜನ ಅತಿಥಿಗಳು, ಒಬ್ಬರ ಕೈಯಲ್ಲಿ ಫೋನು ವಿಡಿಯೋ ಮಾಡುತ್ತಲೇ ಇದೆ. ನಾಚಿಕೆ ನನ್ನ ನಾಲಿಗೆಯನ್ನು ಹಿಡಿದುಕೊಂಡಿತು. "ಏನೂ ಕಾಣ್ಲಿಲ್ಲ. ಮೊದ್ಲು ಮೂರನೇ ಕವಲು ನೋಡ್ರಿ" ಎಂದು ಸುಜಾತಳನ್ನು ಆ ಕಡೆ ಓಡಿಸಿದೆ. ಅಲ್ಲಿ ಆಕೆ ಸಿಕ್ಕರೆ ನಾನು ಬಚಾವು ಎಂಬ ಹುಚ್ಚು ಆಸೆ.

ಸುಜಾತ ಹೋಗಿ ಬರುವಷ್ಟರಲ್ಲಿ ಹನ್ನೆರಡು ನಿಮಿಷ ಕಳೆಯಿತು. ಕೈಗಡಿಯಾರ ನೋಡುತ್ತಲೇ ಇದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಅವಳು ಬಂದು ತಲೆಯಾಡಿಸಿದಳು. ಆಗ ಬೋರಯ್ಯನನ್ನು ಪಕ್ಕಕ್ಕೆ ಕರೆದು ಹೇಳಿದೆ.

ಅವನು ನನ್ನ ಮುಖ ನೋಡಿದ. ಬೈಯಲಿಲ್ಲ. "ಬರ್ರಿ, ಹೋಗಾಣ" ಎಂದವನೇ ಓಡಿದ.

ಅತಿಥಿಗಳನ್ನು ಸುಜಾತಳ ಜೊತೆ ಬಂಡೆಯ ಮೇಲೆ ಬಿಟ್ಟು ನಾನೂ ಓಡಿದೆ. ಎರಡನೇ ಕವಲಿನಿಂದ ಎಡದಾರಿ ಇಳಿಜಾರು, ಎರಡೂ ಕಡೆ ಎದೆಯೆತ್ತರದ ಪೊದೆ. ಬೋರಯ್ಯ ಹೋಗುತ್ತಾ ಮಚ್ಚಿನ ಹಿಂಬದಿಯಿಂದ ಬಂಡೆಗಳಿಗೆ ಬಡಿಯುತ್ತಿದ್ದ. ಸದ್ದು ಕೇಳಿದರೆ ಕರಡಿ ಮೊದಲೇ ಸರಿದು ಹೋಗಲಿ ಎಂದು. ನೀರುಗುಂಡಿಗೆ ಇನ್ನೂರು ಹೆಜ್ಜೆ ಇದೆ ಎನ್ನುವಾಗ ಕೆಳಗಿನಿಂದ ಒಂದು ಕೂಗು ಬಂತು. ಮೊದಲು ಹೆಂಗಸಿನದು, ಅದರ ಹಿಂದೆಯೇ ಕರಡಿಯದು. ನನ್ನ ಮೂವತ್ತೈದು ವರ್ಷದ ಸೇವೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ. ನಾನು ನಿಂತುಬಿಟ್ಟೆ. ಬೋರಯ್ಯ ನಿಲ್ಲಲಿಲ್ಲ.

ನಾನು ತಲುಪುವ ಹೊತ್ತಿಗೆ ಅವನು ಬಂಡೆಯ ಮೇಲೆ ನಿಂತು ಕಬ್ಬಿಣ ಬಡಿದಂತೆ ಬಡಿಯುತ್ತಾ ಬಾಯಿಗೆ ಬಂದದ್ದು ಕೂಗುತ್ತಿದ್ದ. ಕರಡಿ ಆಚೆ ದಡದಲ್ಲಿ ಎದ್ದು ನಿಂತಿತ್ತು. ಆಮೇಲೆ ನೆಲಕ್ಕೆ ಕಾಲೂರಿತು. ಎರಡು ಮರಿಗಳು ಅದರ ಬೆನ್ನಿಗೆ ಹತ್ತಿ ಕೂದಲು ಹಿಡಿದುಕೊಂಡವು. ಏನೂ ಅವಸರವಿಲ್ಲದೆ ಅದು ಪೊದೆಯೊಳಗೆ ಹೋಯಿತು.

ಲಲಿತಮ್ಮ ಬೋರಲಾಗಿ ಬಿದ್ದಿದ್ದರು. ಮುಖ ನೆಲಕ್ಕೆ ಒತ್ತಿ, ಕತ್ತಿನ ಹಿಂದೆ ಎರಡೂ ಕೈ ಹೆಣೆದುಕೊಂಡಿದ್ದರು. ಅವರ ತಾತ ಹಾಗೆ ಹೇಳಿಕೊಟ್ಟಿದ್ದರಂತೆ. ಅದರಿಂದ ಮುಖ ಉಳಿಯಿತು, ಜೀವ ಉಳಿಯಿತು. ತಲೆಯ ಚರ್ಮ ಹರಿದಿತ್ತು. ಬಲಗೈ ಮೊಣಕೈಯಿಂದ ಕೆಳಗೆ ನೋಡುವ ಹಾಗಿರಲಿಲ್ಲ. ಅಷ್ಟರಲ್ಲೂ ಎಚ್ಚರವಿತ್ತು. ನಾನು ಬಗ್ಗಿದಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮನ್ನೇ ಕಾಯ್ತಾ ಕುಂತಿದ್ದೆ ಸಾರ್."

ಅಂದರೆ, ದಾರಿ ಮುಚ್ಚಿದ್ದೇನೆ, ಅದನ್ನು ಕಂಡು ಎಲ್ಲರೂ ನನ್ನ ಹಿಂದೆಯೇ ಬರುತ್ತಾರೆ ಎಂದು ನಂಬಿ ಆಕೆ ಒಂದು ಗಂಟೆಗೂ ಹೆಚ್ಚು ಹೊತ್ತು ನೀರಿನ ಪಕ್ಕ ಕುಳಿತಿದ್ದರು. ಬೆಳಗಿನ ಮೇವು ಮುಗಿಸಿದ ಕರಡಿ ಮರಿಗಳೊಂದಿಗೆ ನೀರಿಗೆ ಬಂದಿತ್ತು. ನಾನು ಆ ಹನ್ನೆರಡು ನಿಮಿಷ ಬಾಯಿ ಮುಚ್ಚಿಕೊಂಡಿರದಿದ್ದರೆ ನಾವು ಕರಡಿಗಿಂತ ಮೊದಲು ಅಲ್ಲಿರುತ್ತಿದ್ದೆವು.

ಎರಡು ಗಳಕ್ಕೆ ಅಂಗಿ, ಪಂಚೆ ಕಟ್ಟಿ ಡೋಲಿ ಮಾಡಿ ಹೊತ್ತು ಇಳಿಸಿದೆವು. ಜೀಪಿನಲ್ಲಿ ಆಸ್ಪತ್ರೆ, ಅಲ್ಲಿಂದ ದೊಡ್ಡ ಆಸ್ಪತ್ರೆ, ಮೂರು ಆಪರೇಷನ್. ಬದುಕಿದರು. ಬಲಗೈಯ ಬೆರಳುಗಳು ಮಾತ್ರ ಮಡಚದಾದವು.

ಮೂರನೇ ದಿನ ವರದಿ ಬರೆದೆ. ನಮ್ಮ ನಮೂನೆಯಲ್ಲಿ ಸ್ಥಳ, ಸಮಯ, ಪ್ರಾಣಿ, ಗಾಯದ ವಿವರ, ಕಾರಣ ಎಂದು ಕಲಮುಗಳಿರುತ್ತವೆ. ಸೊಪ್ಪಿಗೆ ಕಲಮಿಲ್ಲ. ಕಾರಣದ ಮುಂದೆ "ಸದರಿ ಮಹಿಳೆಯು ಗುರುತು ಮಾಡಿದ ದಾರಿಯನ್ನು ಬಿಟ್ಟು ಹೋಗಿದ್ದರಿಂದ" ಎಂದು ಬರೆದು ಸಹಿ ಹಾಕಿದೆ. ಕಾಗದದ ಮಟ್ಟಿಗೆ ಅದರಲ್ಲಿ ಸುಳ್ಳಿರಲಿಲ್ಲ. ಸುಜಾತ ಅದನ್ನು ಬೋರಯ್ಯನಿಗೆ ಓದಿ ಹೇಳಿದಳಂತೆ. ಸಂಜೆ ಅವನು ಕಚೇರಿ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಆಯಮ್ಮ ದಾರಿ ಬಿಟ್ಟು ಹೋಗ್ಲಿಲ್ಲ ಸಾರ್. ದಾರಿ ಮುಚ್ಚಿ ಹೋದ್ರು."

ಅಷ್ಟು ಹೇಳಿ ಹೋದ. ಮರುದಿನ ಎಂದಿನಂತೆ ಗುಡ್ಡ ಹತ್ತಿ ಇಳಿದು ಬಂದ, ಕಂಡದ್ದು ಹೇಳಿದ. ಆ ಮಾತು ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಹಗುರವಾಗುತ್ತಿತ್ತು. ಆ ಬೇಸಿಗೆ ಪೂರ್ತಿ ನಾನು ಅವನ ಕಣ್ಣು ತಪ್ಪಿಸಿ ಓಡಾಡಿದೆ. ರಾಶಿ ಕೆಲಸ ಇದೆ ಎಂದು ನೆಪ ಹೇಳಿ ಲಲಿತಮ್ಮನನ್ನು ನೋಡಲು ಹೋಗುವುದನ್ನು ಮುಂದೂಡುತ್ತಲೇ ಬಂದೆ. ನನ್ನಂಥ ಹೇಡಿ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎನಿಸುತ್ತಿತ್ತು.

ಆರು ತಿಂಗಳ ಮೇಲೆ, ಮಳೆ ಬಿದ್ದು ಗುಡ್ಡ ಹಸಿರಾದ ಮೇಲೆ, ಬೋರಯ್ಯನನ್ನು ಕರೆದುಕೊಂಡು ತುರುವನೂರಿಗೆ ಹೋದೆ. ಲಲಿತಮ್ಮ ಜಗುಲಿಯ ಮೇಲೆ ಕುಳಿತು ಎಡಗೈಯಲ್ಲಿ ಸ್ಲೇಟಿನ ಮೇಲೆ ಅಂಕಿ ಬರೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದರು. ಮೂರು, ಐದು, ಎಂಟು ಎಲ್ಲ ಸೊಟ್ಟಸೊಟ್ಟ. "ಕುಂತ್ಕಳ್ರಿ ಸಾರ್, ಒಂದನೇ ಕ್ಲಾಸಿಗೆ ಮತ್ತೆ ಸೇರ್ಕಂಡೀನಿ" ಎಂದು ನಕ್ಕರು. ಚಹಾ ಬಂತು. ಮಳೆ, ಶಾಲೆ, ಬೋರಯ್ಯನ ಕುರಿಗಳು ಎಂದು ಮಾತು ಸುತ್ತಿ ಸುತ್ತಿ ಬಂತು. ಆಮೇಲೆ ಅವರು ಸ್ಲೇಟು ಪಕ್ಕಕ್ಕಿಟ್ಟರು.

"ಒಂದು ಮಾತು ಕೇಳ್ಬೇಕಿತ್ತು ಸಾರ್. ಅವತ್ತು ನಾನು ಬಲದಾರಿಗೆ ಸೊಪ್ಪು ಹಾಕಿದ್ದೆ. ಅದು ನಿಮ್ಮಲ್ಲಿ ಯಾರಿಗೂ ಕಾಣ್ಲಿಲ್ಲೇನು?"

ಬೋರಯ್ಯ ಚಹಾದ ಲೋಟವನ್ನೇ ನೋಡುತ್ತಿದ್ದ. ಈ ಸಲ ನಾನು ಹನ್ನೆರಡು ನಿಮಿಷ ತೆಗೆದುಕೊಳ್ಳಲಿಲ್ಲ.

"ಕಾಣ್ತಮ್ಮ. ನನಗೇ ಕಾಣ್ತು. ಬೋರಯ್ಯ ಹಟಕ್ಕೆ ಹಾಕಿದ್ದು ಅಂತ ತಿಳ್ಕೊಂಡು ಎತ್ತಿ ಬಿಸಾಕಿದೆ. ಬೋರಯ್ಯ ಎಡದಾರಿಗೆ ಹಾಕಿದ್ದನ್ನೂ ಹಿಂದಿನ ದಿನ ನಾನೇ ತೆಗೆಸಿದ್ದು."

ಅವರು ಬಯ್ಯುತ್ತಾರೆ, ಅಳುತ್ತಾರೆ, ಎದ್ದು ಹೋಗಿ ಎನ್ನುತ್ತಾರೆ, ಯಾವುದಕ್ಕಾದರೂ ಸರಿ ಎಂದು ಕುಳಿತಿದ್ದೆ. ಅವರು ಎಡಗೈಯಿಂದ ಕಣ್ಣು ಒರೆಸಿಕೊಂಡು ಹೇಳಿದರು.

"ಹಂಗಾರೆ ನಾನು ಹಾಕಿದ್ದು ಸರಿಯಾಗೇ ಇತ್ತು. ಆರು ತಿಂಗಳಿಂದ ನಾನು ಮಲಗಿದಾಗೆಲ್ಲ ಅದ್ನೇ ಯೋಚ್ನೆ ಮಾಡೀನಿ ಸಾರ್. ನಾನೇ ಮರ್ತು ತಪ್ಪಾಗಿ ಹಾಕಿದ್ನೇನೋ, ಕಲ್ಲು ಇಡ್ದೆ ಬಂದ್ನೇನೋ, ನಮ್ ತಾತ ಹೇಳ್ಕೊಟ್ಟಿದ್ದೇ ಸುಳ್ಳೇನೋ ಅಂತ. ಕೈ ಹೋದದ್ದಕ್ಕಿಂತ ಅದೇ ನೋಯ್ತಿತ್ತು."

ನನ್ನ ಸುಮ್ಮನಿರುವಿಕೆಯಿಂದ ಆ ಹೆಣ್ಣುಮಗಳಿಗೆ ಕೈ ಹೋದದ್ದು ನನಗೆ ಗೊತ್ತಿತ್ತು. ಆರು ತಿಂಗಳು ಆಕೆಯ ತಾತನನ್ನೂ ಅವರಿಂದ ಕಿತ್ತುಕೊಂಡಿದ್ದೆ ಎಂಬುದು ಆ ಜಗುಲಿಯ ಮೇಲೆ ತಿಳಿಯಿತು. ತಲೆ ಎತ್ತಲಾಗಲಿಲ್ಲ. ಅತ್ತುಬಿಟ್ಟೆ. ಬೋರಯ್ಯ ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟ.

ಮರುದಿನ ಕಚೇರಿಗೆ ಹೋಗಿ ಹಳೆಯ ವರದಿಗೆ ಪೂರಕ ಹೇಳಿಕೆ ಬರೆದು ಮೇಲಕ್ಕೆ ಕಳಿಸಿದೆ. ಕಾರಣದ ಕಲಮಿನಲ್ಲಿ ಹಿಂದಿನ ಸಾಲಿಗೆ ಬದಲಾಗಿ "ಸದರಿ ಮಹಿಳೆಯು ಹಿಂದೆ ಬರುವವರ ರಕ್ಷಣೆಗಾಗಿ ಮುಚ್ಚಿದ್ದ ದಾರಿಯನ್ನು ನಾನು ತೆರೆದಿದ್ದರಿಂದ" ಎಂದು ಬರೆದೆ. ಅದಕ್ಕೆ ನನ್ನ ಮೇಲೆ ಆದ ಇಲಾಖಾ ಕ್ರಮ ನ್ಯಾಯವಾದದ್ದೇ. ಬೋರಯ್ಯ ಆ ಪ್ರತಿಯನ್ನು ಸುಜಾತಳ ಕೈಲಿ ಎರಡು ಸಲ ಓದಿಸಿಕೊಂಡ. ಆಮೇಲೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು, ಮೊದಲ ಸಲ ಕಚೇರಿಯೊಳಗೇ ಬೀಡಿ ಹಚ್ಚಿದ. ನಾನು ಬೇಡ ಎನ್ನಲಿಲ್ಲ, ಬೂದಿಗೆ ಒಂದು ತಟ್ಟೆ ಕೊಟ್ಟೆ.

ನಿವೃತ್ತನಾಗಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ ಪಾಠ, ಅದನ್ನೂ ಬೇರೆಯವರ ಕೈಯ ಬೆಲೆಗೆ ಕಲಿತೆ. ಬಾಣವನ್ನು ನಾನು ಬರೆಸಿದ್ದು ಹಿಂದಿನ ವಾರ. ಸೊಪ್ಪನ್ನು ಇಟ್ಟವರು ಅವತ್ತು ಬೆಳಿಗ್ಗೆ ಅಲ್ಲಿ ನಿಂತು, ನೋಡಿ, ನಮ್ಮನ್ನು ನೆನೆದು ಇಟ್ಟಿದ್ದರು. ಈಗಲೂ ಎಲ್ಲಾದರೂ ದಾರಿಗೆ ಅಡ್ಡ ಒಂದು ಹಿಡಿ ಹಸಿ ಸೊಪ್ಪು ಕಂಡರೆ ನಾನು ದಾಟುವುದಿಲ್ಲ. ಬಾಡಿದೆಯೇ ಎಂದು ಬಗ್ಗಿ ನೋಡುತ್ತೇನೆ, ಮೇಲಿನ ಕಲ್ಲು ಜರುಗಿದ್ದರೆ ಸರಿಯಾಗಿಟ್ಟು, ಬಂದ ದಾರಿಯಲ್ಲೇ ಹಿಂದಿರುಗುತ್ತೇನೆ.